ನಾನೂರ ಹದಿನೇಳು ಇಲ್ಲಿಲ್ಲ

ನಮ್ಮ ಊರಿಗೆ ಬಂದವರು ಮೊದಲು ಕೇಳುವುದು ವೀಸಾ ಕಚೇರಿ ಎಲ್ಲಿದೆ ಎಂದು. ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು ನೋಡಿಕೊಂಡು ಆಮೇಲೆ ಕೇಳಿ ಎನ್ನುತ್ತೇನೆ ನಾನು. ಅವರು ನನ್ನನ್ನು ತಲೆ ಕೆಟ್ಟವನೆಂದುಕೊಂಡು ಪಕ್ಕದ ಬೀಡಾ ಅಂಗಡಿಯವನ ಹತ್ತಿರ ಹೋಗುತ್ತಾರೆ. ಅವನೂ ಅದನ್ನೇ ಹೇಳುತ್ತಾನೆ.

ನಮ್ಮಲ್ಲಿ ಅಮಾವಾಸ್ಯೆಯ ಮಧ್ಯಾಹ್ನ, ಊಟದ ಹೊತ್ತಿಗೆ, ಕೋಣೆಗಳು ಮನೆ ಬದಲಾಯಿಸುತ್ತವೆ. ಎಲ್ಲವೂ ಅಲ್ಲ. ಹಜಾರ, ಜಗಲಿ ಇಂಥವು ಮರ್ಯಾದಸ್ಥರು, ಕೂತಲ್ಲೇ ಕೂತಿರುತ್ತವೆ. ಉಗ್ರಾಣ, ಅಡುಗೆಮನೆ, ಕಚೇರಿಯ ಕೋಣೆ, ಇವಕ್ಕೆ ಮಾತ್ರ ಕಾಲು ನಿಲ್ಲುವುದಿಲ್ಲ. ಒಂದು ಬಂದರೆ ಒಂದು ಹೋಗಬೇಕು. ಹೊರಡುವ ಮೊದಲು ಬಾಗಿಲ ಚಿಲಕ ತಾನಾಗಿಯೇ ಮೂರು ಸಲ ಅಲುಗುತ್ತದೆ, ಅಷ್ಟರಲ್ಲಿ ಒಳಗಿದ್ದವರು ಹೊರಗೆ ಬರಬೇಕು. ಬರದಿದ್ದರೆ ಕೋಣೆಯ ಜೊತೆ ಹೋಗಿ, ಯಾರದೋ ಮನೆಯಿಂದ ನಡೆದುಕೊಂಡು ವಾಪಸು ಬರಬೇಕು. ನನ್ನ ಮದುವೆಯಾದ ವರ್ಷ ನಮ್ಮ ಅಡುಗೆಮನೆ ಮೂರು ತಿಂಗಳು ಬ್ಯಾಂಡ್ ಸೆಟ್ಟಿನವರ ಮನೆಯಲ್ಲಿತ್ತು. ನನ್ನ ಹೆಂಡತಿ ಬೆಳಿಗ್ಗೆ ಅಲ್ಲಿಗೆ ಹೋಗಿ ಅವರಿಗೂ ನಮಗೂ ಸೇರಿಸಿ ಅಡುಗೆ ಮಾಡಿ, ನಮ್ಮ ಪಾಲನ್ನು ಹೊತ್ತು ತರುತ್ತಿದ್ದಳು. ಆ ಮೂರು ತಿಂಗಳಲ್ಲಿ ಅವಳು ತುತ್ತೂರಿ ಊದುವುದನ್ನು ಕಲಿತಳು. ಇವತ್ತಿಗೂ ನನ್ನನ್ನು ಊಟಕ್ಕೆ ಕರೆಯುವುದು ಅದರಲ್ಲೇ.

ವೀಸಾ ಕಚೇರಿಗೆ ಮೂರು ಕೋಣೆಗಳಿವೆ: ಹಸಿರು, ನೀಲಿ, ಹಳದಿ. ಮೂರೂ ಅಲೆಮಾರಿಗಳೇ. ಹಿಂದೆ ಸಂಬಳದ ಅಧಿಕಾರಿಗಳಿದ್ದರಂತೆ. ಅರ್ಧ ತಿಂಗಳು ತಮ್ಮ ಕೋಣೆ ಹುಡುಕುವುದರಲ್ಲೇ ಕಳೆದು, ಉಳಿದರ್ಧ ತಿಂಗಳು ಸುಸ್ತಾಯಿತೆಂದು ಮಲಗುತ್ತಿದ್ದರಂತೆ. ಅದಕ್ಕೇ ಈಗ ಕೋಣೆ ಯಾರ ಮನೆಗೆ ಬರುತ್ತದೋ ಆ ತಿಂಗಳು ಆ ಮನೆಯವರೇ ಅಧಿಕಾರಿ. ಮುದ್ರೆ ಅವರ ಕೈಗೆ, ಅಧಿಕಾರ ಅವರ ಬಾಯಿಗೆ. ನೆಂಟರಿಗೆ ಮಾತ್ರ ವೀಸಾ ಕೊಟ್ಟು ಆಗದವರನ್ನು ಸತಾಯಿಸಬಾರದು ನೋಡಿ, ಹಾಗಾಗಿ ಅರ್ಜಿಯಲ್ಲಿ ಹೆಸರು, ವಿಳಾಸ, ಕಸುಬು, ಫೋಟೋ ಇಷ್ಟನ್ನೂ ಬಟ್ಟೆಯ ತುಂಡಿನಿಂದ ಮುಚ್ಚಿ ಸುತ್ತಲೂ ಹೊಲಿಯಬೇಕು. ಮುದ್ರೆ ಬಿದ್ದ ಮೇಲೆಯೇ ಹೊಲಿಗೆ ಬಿಚ್ಚಬೇಕು. ತನ್ನ ಅರ್ಜಿಗೆ ತಾನೇ ಮುದ್ರೆ ಒತ್ತುವ ಹಾಗಿಲ್ಲ. ಗೊತ್ತಿದ್ದೂ ಒತ್ತಿದರೆ ಅರ್ಜಿ ರದ್ದು. ಗೊತ್ತಿಲ್ಲದೆ ಒತ್ತಿದರೆ ತಪ್ಪಿಲ್ಲ, ಹೊಲಿಗೆ ಇರುವುದೇ ಅದಕ್ಕೆ.

ಅರ್ಜಿ ಬರೆಯುವವನೂ ಹೊಲಿಯುವವನೂ ನಾನು. ಊರಿಗೆಲ್ಲ ಅರ್ಜಿ ಶಾಮಣ್ಣ. ನನ್ನ ಅಕ್ಷರ ಮುತ್ತಿನಂತಿದೆ ಎಂದು ನಾನೇ ಹೇಳಿಕೊಳ್ಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಹೊಲಿಗೆ ಮಾತ್ರ ಸೊಟ್ಟ. ಬೇರೆ ಬರಹಗಾರರು ರೇಷ್ಮೆ ದಾರ ಹಾಕಿ ಹೂಬಳ್ಳಿ ಬಿಡಿಸುತ್ತಾರೆ, ನಾನು ಹಾಸಿಗೆ ಹೊಲಿಯುವ ಹಳದಿ ದಾರ ಹಾಕಿ ಬಿಗಿಯುತ್ತೇನೆ. ನನ್ನ ಹೊಲಿಗೆ ಇವತ್ತಿನವರೆಗೆ ದಾರಿಯಲ್ಲಿ ಬಿಚ್ಚಿಕೊಂಡಿಲ್ಲ.

ಈಗ ವನಜಾಕ್ಷಿ ಟೀಚರ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಮೂಲೆಮನೆಯವರು, ಹಾರ್ಮೋನಿಯಂ ಪಾಠ ಹೇಳುತ್ತಿದ್ದರು. ಮೂವತ್ತು ವರ್ಷ ನಮ್ಮ ಬೀದಿಯಲ್ಲಿ ಸಂಜೆ ಐದಕ್ಕೆ ಸರಿಗಮ ಶುರುವಾಗಿ ಏಳಕ್ಕೆ ನಿಲ್ಲುತ್ತಿತ್ತು, ನಡುವೆ ಎರಡು ಮೂರು ಸಲ ‘ಕತ್ತೆ’ ಎಂಬ ಬೈಗುಳ ಕೇಳಿಸುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಆಸೆ ಎಲ್ಲರಿಗೂ ಇತ್ತು, ಧೈರ್ಯ ಯಾರಿಗೂ ಇರಲಿಲ್ಲ. ವಯಸ್ಸೆಷ್ಟು ಎಂದರೆ ನಲವತ್ತೇಳು ಎನ್ನುತ್ತಿದ್ದರು. ಏಳು ವರ್ಷದಿಂದ ಅದೇ ನಲವತ್ತೇಳು.

ಹೊಳೆಯ ಆಚೆ ದಡ ಬೇರೆ ದೇಶ. ಸಾಮಾನು ದಾಟುವುದಕ್ಕೆ ವೀಸಾ ಬೇಡ, ಮನುಷ್ಯರಿಗೆ ಬೇಕು. ಟೀಚರ ಹಾರ್ಮೋನಿಯಂ ಕೆಟ್ಟರೆ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ರಿಪೇರಿಯಾಗಿ ಬರುತ್ತಿತ್ತು. ರಿಪೇರಿ ಮಾಡುತ್ತಿದ್ದವರು ಚೆಲುವರಾಯರು ಎಂಬ ಒಂಟಿ ಮನುಷ್ಯ. ಎರಡು ವರ್ಷದ ಹಿಂದೆ ಅವರೇ ಒಂದು ದಿನದ ಪರವಾನಗಿ ತೆಗೆದುಕೊಂಡು, ಪೆಟ್ಟಿಗೆ ನೋಡಲು ಇಲ್ಲಿಗೆ ಬಂದರು. ಟೀಚರ ಮನೆಯಲ್ಲಿ ಇದ್ದದ್ದು ನಾಲ್ಕು ಗಂಟೆ. ಆ ದಿನ ಅಮಾವಾಸ್ಯೆ, ಪಾಪ ಅವರಿಗೇನು ಗೊತ್ತು. ಚಪ್ಪಲಿ ಬಿಟ್ಟಿದ್ದ ಕೋಣೆ ಮಧ್ಯಾಹ್ನ ಎದ್ದು ಹೋಯಿತು. ಮನುಷ್ಯ ಬರಿಗಾಲಲ್ಲಿ ದೋಣಿ ಹತ್ತಿದರು. ಮುಂದಿನ ತಿಂಗಳು ಆ ಚಪ್ಪಲಿ ಎಣ್ಣೆ ಗಾಣದವರ ಮನೆಯಲ್ಲಿ ಸಿಕ್ಕಿತು. ಟೀಚರ್ ಅದನ್ನು ತಂದು, ಒರೆಸಿ, ಪುಸ್ತಕದ ಬೀರುವಿನ ಮೇಲೆ ಇಟ್ಟುಕೊಂಡರು. ಆಮೇಲೆ ಅವರ ಹಾರ್ಮೋನಿಯಂ ತಿಂಗಳಿಗೊಮ್ಮೆ ಕೆಡತೊಡಗಿತು. ದೋಣಿಯವನು ಹೇಳುವ ಪ್ರಕಾರ ಹೋಗುವಾಗಲೂ ಬರುವಾಗಲೂ ಪೆಟ್ಟಿಗೆಯ ಹೊಟ್ಟೆಯೊಳಗೆ ಕಾಗದ ಸರಪರ ಎನ್ನುತ್ತಿತ್ತಂತೆ.

ಹಾಗಾಗಿ ಟೀಚರ್ ಒಂದು ದಿನ ನನ್ನ ಮೇಜಿನ ಮುಂದೆ ಬಂದು ಕೂತು, ಗೋಡೆ ನೋಡುತ್ತಾ, ಮದುವೆ ವೀಸಾಕ್ಕೆ ಅರ್ಜಿ ಬರೆಯಿರಿ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯವಾದಂತೆ ಮುಖ ಮಾಡಿದೆ, ಅವರಿಗೆ ಅದು ಬೇಕಿತ್ತು. ಆಚೆ ದಡದ ಕಾನೂನಿನ ಪ್ರಕಾರ ಮದುವೆಯ ನೋಟೀಸು ತೊಂಬತ್ತು ದಿನ ಹಲಗೆಯ ಮೇಲಿರುತ್ತದೆ. ಅಷ್ಟರೊಳಗೆ ಇಬ್ಬರೂ ಬಂದು ಸಹಿ ಹಾಕಬೇಕು. ಅವಧಿ ತಪ್ಪಿದರೆ ಅದೇ ಹೆಣ್ಣು, ಅದೇ ಗಂಡು ಮತ್ತೆ ನೋಟೀಸು ಹಾಕಲು ಮೂರು ವರ್ಷ ಕಾಯಬೇಕು. ಚೆಲುವರಾಯರು ಆಗಲೇ ನೋಟೀಸು ಹಚ್ಚಿಸಿದ್ದರು. ಟೀಚರ್ ಮೂರು ವರ್ಷ ಕಾಯುವ ಹೆಂಗಸೇ ಅಲ್ಲ. ಹಾಲು ಉಕ್ಕುವುದನ್ನೂ ಕಾಯುತ್ತಿರಲಿಲ್ಲ.

ವಯಸ್ಸಿನ ಕಾಲಂ ಬಂತು. ನಲವತ್ತೇಳು ಎಂದರು. ಅವರ ಜನನ ಪತ್ರ ನನ್ನ ತೊಡೆಯ ಮೇಲೆಯೇ ಇತ್ತು, ಅದು ಐವತ್ತನಾಲ್ಕು ಎನ್ನುತ್ತಿತ್ತು. ಆಚೆ ದಡದವರು ಎರಡನ್ನೂ ತಾಳೆ ನೋಡುವ ಜನ. ನಾನು ಐವತ್ತನಾಲ್ಕು ಎಂದೇ ಬರೆದೆ. ಕೊನೆಗೆ ಓದಿ ಹೇಳುವಾಗ ಆ ಸಾಲು ಬಂದದ್ದೇ ಕೆಮ್ಮು ಬಂದವನಂತೆ ಮಾಡಿ ಮುಂದಕ್ಕೆ ಹೋದೆ. ಟೀಚರ್ ಎದುರು ಕೂತು ಅವರ ವಯಸ್ಸು ಹೇಳುವ ಗಂಡಸು ನಮ್ಮ ಊರಿನಲ್ಲಿ ಹುಟ್ಟಿಲ್ಲ, ನಾನೂ ಅಲ್ಲ. ಹಳದಿ ದಾರ ಹಾಕಿ ಹೊಲಿದು ಕೊಟ್ಟೆ.

ಆ ತಿಂಗಳು ಹಸಿರು ಕೋಣೆ ಬೇಕರಿ ಕೆಂಪನಂಜಪ್ಪನ ಮನೆಯಲ್ಲಿ, ಒಲೆಯ ಹಿಂದೆ ಇತ್ತು. ಅವನು ಹಿಟ್ಟಿನ ಕೈಯಲ್ಲೇ ಅರ್ಜಿ ತೆಗೆದುಕೊಂಡು ನಂಬರು ಕೊಟ್ಟ. ನಾನೂರ ಹದಿನೇಳು. ಟೀಚರ್ ಆ ಚೀಟಿಯನ್ನು ಹಾರ್ಮೋನಿಯಂ ಮೇಲೆ ಅಂಟಿಸಿಕೊಂಡು ಕಾದರು. ಒಂದು ತಿಂಗಳು ಹೋಯಿತು, ಎರಡನೆಯದೂ ಹೋಯಿತು. ನೋಟೀಸಿನ ತೊಂಬತ್ತನೆಯ ದಿನ ಮೂರನೆಯ ತಿಂಗಳ ಅಮಾವಾಸ್ಯೆಗೇ ಬೀಳುತ್ತಿತ್ತು.

ಎರಡನೆಯ ತಿಂಗಳ ಅಮಾವಾಸ್ಯೆ ದಿನ ಟೀಚರ ಉಗ್ರಾಣ, ಹತ್ತು ಭರಣಿ ಉಪ್ಪಿನಕಾಯಿಯ ಸಮೇತ, ಪೊಲೀಸ್ ಠಾಣೆಗೆ ಹೊರಟುಹೋಯಿತು. ಅದರ ಜಾಗಕ್ಕೆ ಬಂದು ಕೂತದ್ದು ಹಳದಿ ಕೋಣೆ. ಟೀಚರಿಗೆ ಸಂತೋಷವೋ ಸಂತೋಷ. ತಮ್ಮ ಅರ್ಜಿ ಇಲ್ಲೇ ಇದ್ದರೆ ಬೇರೆ ಕೋಣೆಗೆ ಕಳಿಸಿ ಮುದ್ರೆ ಒತ್ತಿಸಬಹುದು ಎಂದು ಕಟ್ಟುಗಳನ್ನೆಲ್ಲ ಹರವಿ ನಾನೂರ ಹದಿನೇಳನ್ನು ಹುಡುಕಿದರು. ಆ ನಂಬರೇ ಇರಲಿಲ್ಲ. ಇಲ್ಲ ಎಂದು ಖಾತ್ರಿಯಾದ ಮೇಲೆ ಕನ್ನಡಕ ಹಾಕಿಕೊಂಡು, ಕೆಂಪು ಶಾಯಿಯ ಪೆನ್ನು ಹಿಡಿದು ಅಧಿಕಾರಕ್ಕೆ ಕೂತರು. ಅಬ್ಬಾ, ಆ ಮೊದಲನೆಯ ವಾರ! ಮೂವತ್ತು ವರ್ಷ ಅಪಸ್ವರ ಕೇಳಿದ ಸಿಟ್ಟನ್ನೆಲ್ಲ ಅರ್ಜಿಗಳ ಮೇಲೆ ತೀರಿಸಿಕೊಂಡರು. ಉದ್ದೇಶ ಸ್ಪಷ್ಟವಿಲ್ಲ, ಅವಧಿ ಜಾಸ್ತಿಯಾಯಿತು, ಕಾರಣ ಸಾಲದು ಎಂದು ಕೆಂಪು ಶಾಯಿಯಲ್ಲಿ ಬರೆದು ಆಕ್ಷೇಪಣೆ ಬುಟ್ಟಿಗೆ ಹಾಕಿದರು. ಬುಟ್ಟಿಗೆ ಬಿದ್ದ ಅರ್ಜಿಯನ್ನು ಬರಹಗಾರರು ಬಂದು ಉತ್ತರ ಬರೆಯುವವರೆಗೆ ಮುಟ್ಟುವ ಹಾಗಿಲ್ಲ. ಬರಹಗಾರರು ಬರುವುದು ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ.

ಎರಡನೆಯ ವಾರ ದಿಗಿಲು ಶುರುವಾಯಿತು. ಬೇಕರಿಗೆ ಹೋಗಿ ಕೆಂಪನಂಜಪ್ಪನನ್ನು ತರಾಟೆಗೆ ತೆಗೆದುಕೊಂಡರು. ಅವನು ಬನ್ನಿನ ತಟ್ಟೆ ಇಳಿಸುತ್ತಾ, ಆ ತಿಂಗಳು ಅರ್ಜಿಗಳು ಜಾಸ್ತಿಯಾಗಿ ಒಂದು ಕಟ್ಟು ನೀಲಿ ಕೋಣೆಗೂ ಇನ್ನೊಂದು ಹಳದಿ ಕೋಣೆಗೂ ಕಳಿಸಿದೆ, ನಾನೂರ ಹದಿನೇಳು ಯಾವ ಕಟ್ಟಿನಲ್ಲಿತ್ತು ಎಂದು ನೋಡುವ ಹೊತ್ತಿಗೆ ಬನ್ನು ಸೀಯುತ್ತಿತ್ತು ಎಂದ. ಬೇಕಾದರೆ ಎರಡು ಬನ್ನು ತೆಗೆದುಕೊಳ್ಳಿ ಎಂದೂ ಅಂದ. ಟೀಚರ್ ತೆಗೆದುಕೊಳ್ಳಲಿಲ್ಲ. ಅವರು ಬನ್ನು ಬೇಡ ಅಂದಿದ್ದು ಅದೇ ಮೊದಲ ಸಲ ಎಂದು ಕೆಂಪನಂಜಪ್ಪ ಆಮೇಲೆ ಊರಿಗೆಲ್ಲ ಹೇಳಿದ.

ಅಲ್ಲಿಂದ ನೇರ ಮಾರುಕಟ್ಟೆಯ ವಿಚಾರಣೆ ಕಿಟಕಿಗೆ ಹೋದರು. ಆ ಕಿಟಕಿಯ ಹಿಂದಿದ್ದ ಕೋಣೆ ನಮ್ಮ ಅಜ್ಜನ ಕಾಲದಲ್ಲೇ ಎದ್ದು ಹೋದದ್ದು, ಇನ್ನೂ ವಾಪಸು ಬಂದಿಲ್ಲ. ಒಂದು ಗೋಡೆ, ಅದರಲ್ಲೊಂದು ಕಿಟಕಿ, ಹಿಂದೆ ಬಯಲಿನಲ್ಲಿ ಛತ್ರಿ ಹಿಡಿದು ಸ್ಟೂಲಿನ ಮೇಲೆ ಕೂತ ಗುಮಾಸ್ತ. ಗೋಡೆ ಸುತ್ತಿ ಹೋಗಿ ಮಾತಾಡಿಸಿದರೆ ಅವನು ಉತ್ತರ ಕೊಡುವುದಿಲ್ಲ, ಕಿಟಕಿಯಿಂದಲೇ ಕೇಳಬೇಕು. ಟೀಚರ್ ಕಿಟಕಿಯಿಂದಲೇ ಕೇಳಿದರು. ಅವನು ಮೂರು ಚೀಟಿಗಳಲ್ಲಿ ‘417 ನಿಮ್ಮಲ್ಲಿದೆಯೇ?’ ಎಂದು ಬರೆದು ಮೂರು ಕೋಣೆಗಳಿಗೂ ಕಳಿಸಿದ. ಇಷ್ಟಕ್ಕೆ ಸಮಾಧಾನವಾಗದೆ ಟೀಚರ್ ಎರಡು ದಿನ ಬಿಟ್ಟು ಮತ್ತೊಮ್ಮೆ ಹೋಗಿ ಇನ್ನೂ ಮೂರು ಚೀಟಿ ಬರೆಸಿದರು.

ಒಂದು ಚೀಟಿ ಟೀಚರ ಮನೆಗೇ ಬಂತು, ಹಳದಿ ಕೋಣೆ ಅಲ್ಲೇ ಇತ್ತಲ್ಲ. ತಮ್ಮ ಪ್ರಶ್ನೆಯನ್ನು ತಾವೇ ಓದಿ, ಕಟ್ಟುಗಳನ್ನು ಮತ್ತೊಮ್ಮೆ ಬಿಚ್ಚಿ, ಒಂದೊಂದೇ ಎಣಿಸಿ ನೋಡಿ, ‘ಇಲ್ಲಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು. ಸುಳ್ಳು ಬರೆಯಲು ಅವರಿಗೆ ಬರುತ್ತಿರಲಿಲ್ಲ, ವಯಸ್ಸೊಂದನ್ನು ಬಿಟ್ಟು. ಎಂಟು ದಿನದ ಮೇಲೆ ಕಿಟಕಿಯಿಂದ ಮೂರು ಉತ್ತರಗಳನ್ನು ಈಸಿಕೊಂಡು ಬಂದು ನನ್ನ ಮೇಜಿನ ಮೇಲೆ ಹರಡಿದರು. ಹಸಿರು ಕೋಣೆ: ಇಲ್ಲಿಲ್ಲ. ನೀಲಿ ಕೋಣೆ: ಇಲ್ಲಿಲ್ಲ. ಹಳದಿ ಕೋಣೆ, ಅವರದೇ ದುಂಡನೆಯ ಅಕ್ಷರದಲ್ಲಿ: ಇಲ್ಲಿಲ್ಲ. ಮೂರನೆಯದನ್ನು ನೋಡುವಾಗ ಅವರ ಕಣ್ಣು ತುಂಬಿತ್ತು. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಎರಡನ್ನೂ ತಡೆದುಕೊಂಡು ನಶ್ಯ ಏರಿಸಿದೆ.

ನಂಬರು ಬದಲಾಗಿರಬೇಕು ಎಂದು ಹೇಳಿದವನು ನಾನೇ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದ ಅರ್ಜಿಗೆ ಹೊಸ ಕೋಣೆಯವರು ಹೊಸ ನಂಬರು ಹಾಕಿ, ಹಳೆಯದರ ಮೇಲೆ ಹಲಸಿನ ಅಂಟಿನಿಂದ ಚೀಟಿ ಹಚ್ಚುತ್ತಾರೆ. ಕಿತ್ತರೆ ಅರ್ಜಿಯೇ ಹರಿಯುತ್ತದೆ. ಯಾವ ಹಳೆಯ ನಂಬರಿಗೆ ಯಾವ ಹೊಸ ನಂಬರು ಎಂಬುದು ಆ ಕೋಣೆ ಇದ್ದ ಮನೆಯವರಿಗೆ ಗೊತ್ತಿರುತ್ತದೆ. ಕೆಂಪನಂಜಪ್ಪ ಕಟ್ಟು ಕಳಿಸಿದಾಗ ಹಳದಿ ಕೋಣೆ ಪುಟ್ಟತಾಯಮ್ಮನ ಮನೆಯಲ್ಲಿತ್ತು. ಇಬ್ಬರೂ ಅಲ್ಲಿಗೆ ಓಡಿದೆವು. ಪುಟ್ಟತಾಯಮ್ಮ ಅಚ್ಚುಕಟ್ಟಿನ ಹೆಂಗಸು, ಎಲ್ಲ ನಂಬರುಗಳನ್ನೂ ಇದ್ದಿಲಿನಿಂದ ಬರೆದಿಟ್ಟಿದ್ದರು. ಬರೆದದ್ದು ಎಲ್ಲಿ? ಅಡುಗೆಮನೆಯ ಗೋಡೆಯ ಮೇಲೆ. ಅಡುಗೆಮನೆ ಕಳೆದ ಅಮಾವಾಸ್ಯೆಗೆ ಕೆಳಗಿನ ಬೀದಿಯಲ್ಲಿ ಒಬ್ಬರ ಮನೆಗೆ ಹೋಗಿತ್ತು. ಅಲ್ಲಿಗೆ ಹೋದರೆ, ಆ ಮನೆಯಲ್ಲಿ ಮೊನ್ನೆ ತಾನೇ ನಾಮಕರಣವಾಗಿದೆ, ಹಬ್ಬದ ಮನೆ ಎಂದು ಅಡುಗೆಮನೆಗೆಲ್ಲ ಸುಣ್ಣ ಹೊಡೆದಿದ್ದಾರೆ. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಮನೆಯವರು ನಮಗೆ ಕೋಸಂಬರಿ ಕೊಟ್ಟರು.

ಅದಾದ ಮೇಲೆ ಟೀಚರ್ ಮಾಡಿದ ಕೆಲಸವನ್ನು ನಮ್ಮ ಊರು ಮರೆಯುವುದಿಲ್ಲ. ತಮ್ಮ ಅರ್ಜಿ ಹಳದಿ ಕೋಣೆಯಲ್ಲೇ ಬೇರೆ ನಂಬರು ಹೊತ್ತು ಕೂತಿರಬಹುದು, ಯಾವುದೆಂದು ತಿಳಿಯದು, ಹಾಗಿದ್ದರೆ ಕಟ್ಟುಗಳಲ್ಲಿ ಇದ್ದಬದ್ದ ಎಲ್ಲದಕ್ಕೂ ಮುದ್ರೆ ಒತ್ತಿಬಿಟ್ಟರಾಯಿತಲ್ಲ! ಗೊತ್ತಿದ್ದು ಒತ್ತಬಾರದು ಎಂದಿದೆ ನಿಯಮ, ಆಸೆಯಿಂದ ಒತ್ತಬಾರದು ಎಂದೇನೂ ಇಲ್ಲ. ಐದು ದಿನದಲ್ಲಿ ಇನ್ನೂರ ಚಿಲ್ಲರೆ ಅರ್ಜಿಗಳಿಗೆ ಒಪ್ಪಿಗೆ ಬಿತ್ತು. ಹೆಂಡತಿಯ ಮೇಲೆ ಮುನಿಸಿಕೊಂಡು ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿ ಮರೆತಿದ್ದ ಕ್ಷೌರದವನಿಗೆ, ಹೆಂಡತಿ ಬಡಿಸುತ್ತಿದ್ದಾಗಲೇ ವೀಸಾ ಬಂತು. ಅವನು ಆ ರಾತ್ರಿ ಉಂಡನೋ ಇಲ್ಲವೋ ನನಗೆ ತಿಳಿಯದು. ಟೀಚರ್ ಒತ್ತುತ್ತಾ ಹೋದರು, ಹೊಲಿಗೆ ಬಿಚ್ಚುತ್ತಾ ಹೋದರು. ಒಂದರೊಳಗೂ ಅವರ ಮುಖವಿರಲಿಲ್ಲ. ಕೊನೆಯ ಕಟ್ಟಿನ ಕೊನೆಯ ಅರ್ಜಿಯೂ ಮುಗಿದ ದಿನ ನಮ್ಮ ಬೀದಿಯಲ್ಲಿ ಸರಿಗಮ ಕೇಳಿಸಲಿಲ್ಲ. ಅವರು ಮಕ್ಕಳಿಗೆಲ್ಲ ರಜೆ ಕೊಟ್ಟು ಕದ ಹಾಕಿಕೊಂಡಿದ್ದರು.

ಅಮಾವಾಸ್ಯೆ ಬಂತು. ಸಂಜೆ ನಾಲ್ಕಕ್ಕೆ ದೋಣಿ. ಸೂರ್ಯ ಮುಳುಗುವುದರೊಳಗೆ ಆಚೆ ದಡದ ಕಚೇರಿಯಲ್ಲಿ ಸಹಿಯಾಗದಿದ್ದರೆ ಎಲ್ಲ ಮುಗಿದಂತೆ. ನಾನು ಸೂಜಿ, ದಾರ, ಕತ್ತರಿ, ಪೆನ್ನು ತೆಗೆದುಕೊಂಡು ಹನ್ನೊಂದು ಗಂಟೆಗೆ ಆಕ್ಷೇಪಣೆ ಬುಟ್ಟಿ ಖಾಲಿ ಮಾಡಲು ಟೀಚರ ಮನೆಗೆ ಹೋದೆ. ಅವರು ಹಳದಿ ಕೋಣೆಯಲ್ಲಿ ಮೇಜಿನ ಹಿಂದೆ ಕೂತಿದ್ದರು. ಹೋಗುವುದಿಲ್ಲ ಎಂದು ಗೊತ್ತಿದ್ದರೂ ರೇಷ್ಮೆ ಸೀರೆ ಉಟ್ಟಿದ್ದರು. ಬೇರೆ ಬರಹಗಾರರು ಆಗಲೇ ಬಂದು ಹೋಗಿದ್ದರು, ಬುಟ್ಟಿಯಲ್ಲಿ ಉಳಿದದ್ದು ಮೂರೇ. ಎರಡಕ್ಕೆ ಬೇಗ ಬೇಗ ಉತ್ತರ ಬರೆದೆ. ಮೂರನೆಯದನ್ನು ಎತ್ತಿಕೊಂಡೆ. ಹಳದಿ ದಾರ, ನನ್ನ ಸೊಟ್ಟ ಹೊಲಿಗೆ. ಉದ್ದೇಶ: ವಿವಾಹ. ವಯಸ್ಸು: ಐವತ್ತನಾಲ್ಕು. ಕೆಳಗೆ ಕೆಂಪು ಶಾಯಿಯಲ್ಲಿ, ದುಂಡನೆಯ ಅಕ್ಷರದಲ್ಲಿ: ‘ಐವತ್ತನಾಲ್ಕರಲ್ಲಿ ಮದುವೆಯ ಅಗತ್ಯವೇನು? ಸಮಂಜಸ ಕಾರಣ ತಿಳಿಸುವವರೆಗೆ ತಡೆಹಿಡಿಯಲಾಗಿದೆ.’

ಅಂಥ ಅರ್ಜಿ ನಾನು ಜನ್ಮದಲ್ಲಿ ಬರೆದದ್ದು ಒಂದೇ. ಅಯ್ಯೋ ದೇವರೇ ಎಂದುಕೊಂಡೆ. ತಮ್ಮ ಅರ್ಜಿಯನ್ನು ತಾವೇ ತಡೆಹಿಡಿದು ಒಂದು ತಿಂಗಳು ಊರೆಲ್ಲ ಹುಡುಕಿದ್ದರು. ನನ್ನ ಆ ಸುಳ್ಳು ಕೆಮ್ಮು ಇಲ್ಲಿಗೆ ತಂದು ನಿಲ್ಲಿಸಿತ್ತು. ಈಗ ಬಾಯಿ ಬಿಟ್ಟು ಹೇಳಿದರೆ ಅವರಿಗೆ ಗೊತ್ತಾಗುತ್ತದೆ, ಗೊತ್ತಾದರೆ ಒತ್ತುವ ಹಾಗಿಲ್ಲ, ಬೇರೆ ಕೋಣೆಗೆ ಕಳಿಸಲು ಹೊತ್ತೂ ಇಲ್ಲ. ಹೇಳದಿದ್ದರೆ ಅವರು ಒತ್ತುವುದಿಲ್ಲ. ಮಧ್ಯಾಹ್ನಕ್ಕೆ ಕೋಣೆ ಹೋಗುತ್ತದೆ. ನಾನು ಆ ಅರ್ಜಿಯನ್ನು ಹಿಡಿದೇ ಕೂತದ್ದು ಅವರ ಕಣ್ಣಿಗೆ ಬಿತ್ತು.

“ಇವಳು ನಿಮ್ಮ ಗಿರಾಕಿ ಅಲ್ವಾ? ಹಳದಿ ದಾರ. ಯಾರು ಹೇಳಿ.”

“ಹೇಳೋ ಹಾಗಿಲ್ಲ ಟೀಚರೇ. ನಿಯಮ.”

“ಬೇಡ ಬಿಡಿ. ಐವತ್ನಾಲ್ಕಕ್ಕೆ ಮದ್ವೆಗೆ ಹೊರಟಿದ್ದಾಳೆ. ಕೂದ್ಲಿಗೆ ಬಣ್ಣ ಬೇರೆ ಹಾಕ್ಕೊಂಡಿರ್ತಾಳೆ,” ಎಂದರು. ಅವರ ಕಿವಿಯ ಹಿಂದೆ ಬಣ್ಣದ ಕಲೆ ಇನ್ನೂ ಒಣಗಿರಲಿಲ್ಲ.

ನಾನು ಉತ್ತರ ಬರೆಯಲು ಕೂತೆ. ವೃದ್ಧಾಪ್ಯದಲ್ಲಿ ಆಸರೆಗಾಗಿ ಎಂದು ಬರೆದು ತೋರಿಸಿದೆ. ಆಸರೆ ಬೇಕಾದರೆ ಕೋಲು ಹಿಡಿಯಲಿ ಎಂದು ಹೊಡೆದು ಹಾಕಿದರು. ಒಂಟಿತನ ನೀಗಲೆಂದು ಎಂದು ಬರೆದೆ. ಬೆಕ್ಕು ಸಾಕಲಿ ಎಂದರು. ಉಭಯ ದಡಗಳ ಬಾಂಧವ್ಯ ವೃದ್ಧಿಗಾಗಿ ಎಂದು ಬರೆದದ್ದಕ್ಕೆ ಕನ್ನಡಕದ ಮೇಲಿಂದ ನೋಡಿದರು. ಅಷ್ಟರಲ್ಲಿ ಬಾಗಿಲ ಚಿಲಕ ಒಮ್ಮೆ ಅಲುಗಿತು. ನನಗೆ ಸಿಟ್ಟು ಬಂತು. ಅವರ ಮೇಲೆ ನಾನು ಸಿಟ್ಟು ಮಾಡಿಕೊಂಡದ್ದು ಅದೊಂದೇ ಸಲ.

“ಹಾಗಾದ್ರೆ ನಿಮಗ್ಯಾಕೆ ಟೀಚರೇ ಬೇಕಿತ್ತು ಮದ್ವೆ? ನೀವೇ ಹೇಳಿ. ನೀವಾಗಿದ್ರೆ ಏನು ಬರೀತಿದ್ರಿ?”

ನನಗಿನ್ನೂ ನಲವತ್ತೇಳು, ಅದೂ ಇದೂ ಒಂದೇ ಅಲ್ಲ ಎಂದರು. ಆದರೆ ದನಿಯಲ್ಲಿ ಜೋರಿರಲಿಲ್ಲ. ಪೆನ್ನು ಕೆಳಗಿಟ್ಟರು. ಸೀರೆಯ ಅಂಚು ನೀವಿಕೊಂಡರು.

“ಅವರು ಬಂದ ದಿನ ಮಧ್ಯಮ ಸ್ವರ ಸರಿಯಾಗಿ ನುಡೀತಿಲ್ಲ ಅಂತ ಪೆಟ್ಟಿಗೆ ಮುಂದಿಟ್ಟೆ ಶಾಮಣ್ಣ. ಅವರು ಬಿಚ್ಚಲೇ ಇಲ್ಲ. ಒಂದ್ಸಲ ನುಡಿಸಿ ಅಂದ್ರು. ನುಡಿಸ್ದೆ. ಪೆಟ್ಟಿಗೇಲಿ ಏನೂ ತಪ್ಪಿಲ್ಲ, ನೀವು ಮಧ್ಯಮಕ್ಕೆ ಬಂದಾಗ ಬೆರಳನ್ನ ಭಾರ ಬಿಡ್ತೀರಿ, ಯಾಕೆ ಅಂತ ಕೇಳಿದ್ರು. ಮೂವತ್ತು ವರ್ಷ ಊರೆಲ್ಲ ನನ್ನ ಪೆಟ್ಟಿಗೆ ಕೇಳಿದೆ. ನನ್ನ ಬೆರಳು ಕೇಳಿದೋರು ಅವರೊಬ್ರೇ.”

“ಯಾಕೆ ಅಂತ ಹೇಳಿದ್ರಾ?”

“ಹೇಳೋಕೆ ಶುರು ಮಾಡ್ದೆ. ನಾಲ್ಕು ಗಂಟೆ ಸಾಲಲಿಲ್ಲ. ಉಳಿದದ್ದು ಹೇಳ್ಬೇಕು ಅಂತಲೇ ಹೊರಟಿದ್ದು.”

ನಾನು ತಲೆ ಎತ್ತದೆ ಬರೆದೆ. ಇಷ್ಟು ವರ್ಷ ಅರ್ಜಿ ಬರೆದದ್ದಕ್ಕೆ ಆ ಒಂದು ಪುಟ ಸಾಕು ನನಗೆ. ಬರೆದು ಮುಂದಿಟ್ಟೆ: ‘ಅರ್ಜಿದಾರರು ಆಚೆ ದಡದ ಸದರಿ ವ್ಯಕ್ತಿಗೆ ಒಂದು ವಿಷಯವನ್ನು ಹೇಳಲು ಆರಂಭಿಸಿದ್ದು, ಸಮಯಾಭಾವದಿಂದ ಅದು ಅರ್ಧಕ್ಕೆ ನಿಂತಿರುತ್ತದೆ. ಉಳಿದದ್ದನ್ನು ಹೇಳಲು ಅಂದಾಜು ಇಪ್ಪತ್ತೈದು ವರ್ಷ ಬೇಕಾಗುವುದರಿಂದಲೂ, ಅರ್ಜಿದಾರರ ವಯಸ್ಸು ಈಗಾಗಲೇ ಐವತ್ತನಾಲ್ಕು ಆಗಿರುವುದರಿಂದಲೂ, ಇನ್ನು ಒಂದು ದಿನವೂ ತಡಮಾಡದೆ ಮದುವೆಗೆ ಅನುಮತಿ ನೀಡಬೇಕೆಂದು ವಿನಂತಿ.’

ಟೀಚರ್ ಎರಡು ಸಲ ಓದಿದರು. ಚಿಲಕ ಎರಡನೆಯ ಸಲ ಅಲುಗಿತು.

“ಇದು ಅವಳ ಮಾತಲ್ಲ, ನನ್ನದು.”

“ಅವಳಿಗೂ ಹೊಂದುತ್ತೆ ಅನ್ಸುತ್ತೆ ಟೀಚರೇ.”

ಅವರು ನನ್ನ ಮುಖವನ್ನೇ ನೋಡಿದರು. ನಾನು ಸೂಜಿಗೆ ದಾರ ಪೋಣಿಸುವವನಂತೆ ಕಣ್ಣು ಕಿರಿದು ಮಾಡಿಕೊಂಡೆ.

“ಹೋಗ್ಲಿ,” ಎಂದರು. “ನನಗಂತೂ ಆಗ್ಲಿಲ್ಲ. ಇವಳಾದ್ರೂ ಹೋಗ್ಲಿ ಪಾಪ.” ತಾವು ಬರೆದಿದ್ದ ಆಕ್ಷೇಪಣೆಯ ಮೇಲೆ ಅಡ್ಡಗೆರೆ ಎಳೆದು, ಮುದ್ರೆಯನ್ನು ಶಾಯಿಗೆ ಒತ್ತಿ, ಎರಡೂ ಕೈ ಹಚ್ಚಿ ಒತ್ತಿದರು.

ಮೂರನೆಯ ಸಲ ಚಿಲಕ ಅಲುಗುವುದಕ್ಕೂ ನಾನು ಅವರನ್ನು ಅರ್ಜಿಯ ಸಮೇತ ಹಜಾರಕ್ಕೆ ಎಳೆಯುವುದಕ್ಕೂ ಸರಿಹೋಯಿತು. ಹಿಂದಿರುಗಿ ನೋಡಿದರೆ ಉಗ್ರಾಣ ವಾಪಸು ಬಂದಿತ್ತು. ಹತ್ತು ಭರಣಿಗಳೂ ಖಾಲಿ, ಒಂದರೊಳಗೆ ಪೊಲೀಸ್ ಪೇದೆಯ ಸೀಟಿ. ಟೀಚರ್ ಆ ಕಡೆ ನೋಡಲಿಲ್ಲ. ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡು ಹೊಲಿಗೆ ಬಿಚ್ಚಿದರು. ಬಟ್ಟೆಯ ತುಂಡು ಕೆಳಗೆ ಬಿತ್ತು. ಫೋಟೋದಲ್ಲಿ ಅದೇ ರೇಷ್ಮೆ ಸೀರೆ ಉಟ್ಟು ಅವರೇ ಕೂತಿದ್ದರು.

ಅವರು ನೆಲದ ಮೇಲೆ ಕೂತುಬಿಟ್ಟರು. ಅಳುತ್ತಾರೆ ಎಂದುಕೊಂಡು ನಾನು ನೀರು ತರಲು ಹೊರಟೆ.

“ನಿಲ್ರಿ,” ಎಂದರು. “ಐವತ್ನಾಲ್ಕು ಅಂತ ಬರ್ದಿದ್ದು ನೀವೇನಾ?”

ಹೌದು ಎಂದೆ. ಕತ್ತೆ ಎಂದರು. ಮೂವತ್ತು ವರ್ಷ ಆ ಬೈಗುಳವನ್ನು ಗೋಡೆಯಾಚೆಯಿಂದ ಕೇಳಿದ್ದವನಿಗೆ ಅದು ಎದುರಿಗೇ ಸಿಕ್ಕಿದ್ದು ಆಗಲೇ. ಆಮೇಲೆ ಅತ್ತರು, ಅಳುತ್ತಲೇ ನಕ್ಕರು, ನಗುತ್ತಲೇ ಎದ್ದು ಹಾರ್ಮೋನಿಯಂಗೆ ಹಗ್ಗ ಕಟ್ಟತೊಡಗಿದರು.

ದೋಣಿಕಟ್ಟೆಯವರೆಗೆ ಪೆಟ್ಟಿಗೆ ಹೊತ್ತವನು ನಾನೇ. ಅವರ ಕೈಯಲ್ಲಿ ಒಂದು ಚೀಲ, ಅದರಲ್ಲಿ ಚೆಲುವರಾಯರ ಚಪ್ಪಲಿ. ದೋಣಿಯವನು ಕೂಗುತ್ತಿದ್ದಾಗ ಅವರು ಅರ್ಜಿಯನ್ನು ನನ್ನ ಮುಂದೆ ಹಿಡಿದು, ವಯಸ್ಸಿನ ಕಾಲಂ ಮೇಲೆ ಒಂದು ತೇಪೆ ಹಾಕಿ ಎಂದರು. ಕಚೇರಿಯವರು ಬಿಚ್ಚಿ ನೋಡಿಕೊಳ್ಳಲಿ, ಚೆಲುವರಾಯರ ಕಣ್ಣಿಗೆ ಮೊದಲೇ ಬೀಳುವುದು ಬೇಡವಂತೆ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು, ಹಜಾರದಲ್ಲಿ ಬಿದ್ದದ್ದನ್ನು ಎತ್ತಿ ಜೇಬಿಗೆ ಹಾಕಿಕೊಂಡಿದ್ದ ಬಟ್ಟೆಯ ತುಂಡನ್ನೇ ಹಚ್ಚಿ ಹೊಲಿದೆ. ಜೀವನದಲ್ಲಿ ಮೊದಲ ಸಲ ನನ್ನ ಹೊಲಿಗೆ ನೆಟ್ಟಗೆ ಬಂತು. ದೋಣಿ ದೂರ ಹೋಗುವವರೆಗೆ ಟೀಚರ್ ಈ ಕಡೆ ತಿರುಗಿ ನೋಡಲಿಲ್ಲ, ನಾನೂ ಅದನ್ನು ಬಯಸಿರಲಿಲ್ಲ. ನೋಡಿದ್ದರೆ ನಾನು ಅತ್ತುಬಿಡುತ್ತಿದ್ದೆ.

ಹಳದಿ ಕೋಣೆ ಆ ಮಧ್ಯಾಹ್ನ ಬಂದು ಕೂತದ್ದು ನಮ್ಮ ಮನೆಗೆ. ನಮ್ಮ ಅಡುಗೆಮನೆ ಮತ್ತೆ ಬ್ಯಾಂಡ್ ಸೆಟ್ಟಿನವರ ಮನೆಗೆ ಹೋಗಿದೆ, ಹೆಂಡತಿ ಕ್ಲಾರಿನೆಟ್ ಕಲಿಯುತ್ತಿದ್ದಾಳೆ. ಸಂಜೆ ಐದಾದರೆ ಬೀದಿ ಬಿಕೋ ಎನ್ನುತ್ತದೆ. ನಾನು ಕನ್ನಡಕ ಹಾಕಿಕೊಂಡು, ಅವರು ಮೇಜಿನ ಮೇಲೆ ಬಿಟ್ಟುಹೋದ ಕೆಂಪು ಪೆನ್ನು ಹಿಡಿದು ಕೂತುಕೊಳ್ಳುತ್ತೇನೆ. ಮದುವೆಗೆಂದು ಬಂದ ಅರ್ಜಿಗಳಲ್ಲಿ ವಯಸ್ಸಿನ ಕಾಲಂ ನೋಡುವುದಿಲ್ಲ. ಮೊನ್ನೆ ವಿಚಾರಣೆ ಕಿಟಕಿಯಿಂದ ಒಂದು ಚೀಟಿ ಬಂತು. ಟೀಚರ್ ಎರಡನೆಯ ಸಲ ಬರೆಸಿದ್ದ ಮೂರರಲ್ಲಿ ಒಂದು, ಎಲ್ಲೆಲ್ಲೋ ಅಲೆದು ಈಗ ತಲುಪಿತ್ತು. ‘417 ನಿಮ್ಮಲ್ಲಿದೆಯೇ?’

ನಾನು ಕೆಂಪು ಪೆನ್ನಿನ ಮುಚ್ಚಳ ತೆಗೆದೆ. ಆಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ: ‘ಇಲ್ಲಿಲ್ಲ. ಹೋದರು.’